ಸಂನ್ಯಾಸಿಗಳ ಕೈಯಲ್ಲಿ ಎಪಿಕ್ಟೀಟಸನ ಕೈಪಿಡಿ

ಅಥೇನೆಯಲ್ಲಿ ಪೌಲನೊಡನೆ ವಾದಿಸಿದವರಲ್ಲಿ ಸ್ತೋಯಿಕರೂ ಇದ್ದರೆಂಬುದನ್ನು ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಿಂದ ನಾವು ಬಲ್ಲೆವು. ಆ ಪಂಥದವರ ಗ್ರಂಥವೊಂದು ಮುಂದೆ ಕ್ರೈಸ್ತ ಸಂನ್ಯಾಸಿಗಳ ಸಾಧನೆಗೆ ಒದಗಿದ ಸಂಗತಿ ಅಷ್ಟು ಪರಿಚಿತವಲ್ಲ.

ಅದು ಎಪಿಕ್ಟೀಟಸನ ‘ಎಂಕೈರಿಡಿಯನ್’. ಕೈಯಲ್ಲಿ ಹಿಡಿಯತಕ್ಕದ್ದು ಎಂದು ಆ ಪದದ ಅರ್ಥ. ನಮ್ಮ ‘ಕೈಪಿಡಿ’ ಅದಕ್ಕೆ ಎಷ್ಟು ಸಹಜವಾಗಿ ಒಪ್ಪುತ್ತದೆ! ಎಪಿಕ್ಟೀಟಸನು ದಾಸನಾಗಿದ್ದು ಬಿಡುಗಡೆ ಹೊಂದಿದವನು. ದೊಮಿತಿಯಾನನು ತತ್ತ್ವಜ್ಞಾನಿಗಳನ್ನು ರೋಮಿನಿಂದ ಹೊರಡಿಸಿದಾಗ ನಿಕೊಪೊಲಿಗೆ ಹೋಗಿ ಶಾಲೆ ನಡೆಸಿದನು. ಅವನ ಬೋಧೆಯ ಸಾರವನ್ನು ಶಿಷ್ಯನಾದ ಅರಿಯನನು ಸಂಗ್ರಹಿಸಿದನು.

ನಮ್ಮ ವಶದಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂಬ ವಿವೇಚನೆಯಿಂದ ಕೈಪಿಡಿ ತೊಡಗುತ್ತದೆ. ಸ್ನಾನಗೃಹಕ್ಕೆ ಹೊರಡುವವನು ಅಲ್ಲಿ ನೀರೆರಚುವವರೂ ಬೈಯುವವರೂ ಕದಿಯುವವರೂ ಇರುವರೆಂದು ಮೊದಲೇ ನೆನೆದುಕೊಳ್ಳಬೇಕು. ಮಡಕೆಯನ್ನು ಮೆಚ್ಚುವವನು ಅದು ಮಡಕೆಯೆಂಬುದನ್ನು ಮರೆಯಬಾರದು. ಇಂಥ ಉಪದೇಶವು ಮಠದ ದಿನಚರಿಗೆ ಒಗ್ಗಿದುದರಲ್ಲಿ ಆಶ್ಚರ್ಯವಿಲ್ಲ. ಅದರ ಮೂರು ಕ್ರೈಸ್ತ ರೂಪಾಂತರಗಳು ಉಳಿದಿವೆ. ನೀಲನ ಹೆಸರಿನಲ್ಲಿರುವ (ಅವನದಲ್ಲದ) ರೂಪಾಂತರದಲ್ಲಿ ತಿದ್ದುಪಡಿ ಅಲ್ಪ: ‘ದೇವತೆಗಳು’ ಎಂಬಲ್ಲಿ ‘ದೇವರು’, ಸಾಕ್ರೆಟೀಸನ ಸ್ಥಾನದಲ್ಲಿ ಪೌಲ.

ಹೆಸರು ಬದಲಿಸಿದ ಮಾತ್ರಕ್ಕೆ ತಿರುಳು ಬದಲಾಗುವುದೇ? ಮಡಕೆಯಾದ ಮೇಲೆ ಎಪಿಕ್ಟೀಟಸನು ಮಗುವಿಗೆ ಬರುತ್ತಾನೆ. ಮುದ್ದಿಡುವಾಗಲೇ ಅದು ಮರ್ತ್ಯವೆಂದು ನೆನೆದರೆ, ಸತ್ತಾಗ ಕಳವಳವಾಗದು. ಅಳುವವನೊಡನೆ ಮಾತಿನಲ್ಲಿ ಮರುಗಬಹುದು, ಬೇಕಾದರೆ ನರಳಲೂಬಹುದು. ಒಳಗೆ ಮಾತ್ರ ನರಳಕೂಡದು. ಅಳುವವರ ಸಂಗಡ ಅಳುವಂತೆ ರೋಮಾಪುರದವರಿಗೆ ಬರೆದ ಪೌಲನನ್ನು ಈ ಬೋಧೆಗೆ ಸಾಕ್ಷಿಯಾಗಿ ನಿಲ್ಲಿಸುವುದು ಹೇಗೆಂದು ನಮಗೆ ತಿಳಿಯದು.

ಈ ಒಡಕನ್ನು ಸ್ಪಷ್ಟವಾಗಿ ಕಂಡವನು ಅಗಸ್ಟೀನ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಮುಖ ಬಿಳಿಚಿಕೊಂಡ ಸ್ತೋಯಿಕನ ಕಥೆಯನ್ನು ಅವನು ‘ದೇವರ ನಗರ’ದ 9ನೆಯ ಪುಸ್ತಕದಲ್ಲಿ ಹೇಳುತ್ತಾನೆ. 14ನೆಯ ಪುಸ್ತಕದಲ್ಲಿ ವಾದವು ಬುಡಕ್ಕೆ ಇಳಿಯುತ್ತದೆ: ಕರ್ತನಿಗೆ ಮಾನುಷ ದೇಹವೂ ಮನಸ್ಸೂ ನಿಜವಾಗಿದ್ದುದರಿಂದ ಲಾಜರನ ಸಮಾಧಿಯ ಬಳಿ ಅವನು ಸುರಿಸಿದ ಕಣ್ಣೀರೂ ನಿಜ. ಹಾಗಾದರೆ ದುಃಖದ ಪ್ರಶ್ನೆಯು ಬರಿಯ ನೀತಿಯದಲ್ಲ, ನರಾವತಾರದ್ದು. ಸಾವಿನ ಮನೆಗೆ ಹೋಗಿ, ವಿಶ್ವಾಸಿಗಳು ಅಳಬಾರದೆಂದು ವಿಧಿಸುವ ಸಭಾಪಾಲಕರು ಈ ಪುಟಗಳನ್ನು ಓದತಕ್ಕದ್ದು.

ಕಾಲ್ವಿನನ ಮೊದಲ ಗ್ರಂಥವೂ, 1532ರಲ್ಲಿ, ಒಬ್ಬ ಸ್ತೋಯಿಕನ ಮೇಲೆಯೇ: ದಯೆಯನ್ನು ಕುರಿತ ಸೆನೆಕನ ಕೃತಿಗೆ ವ್ಯಾಖ್ಯಾನ. ಆದರೂ ಮುಂದೆ ಶಿಲುಬೆ ಹೊರುವ ವಿಷಯವಾಗಿ ಬರೆದಾಗ, ಅಳುವುದನ್ನೇ ದೋಷವೆಂದೆಣಿಸುವ ಕ್ರೈಸ್ತರನ್ನು ಹೊಸ ಸ್ತೋಯಿಕರೆಂದು ಕರೆದು, ಕರ್ತನ ಕಣ್ಣೀರನ್ನೇ ಅವರ ಮುಂದಿಟ್ಟನು.