ಕೋಲಾರದ ಚಿನ್ನದ ಸೀಮೆ: ದುಡಿಮೆ ಮತ್ತು ಜನವಾಸದ ಏರಿಳಿತ

ಒಂದು ಸೀಮೆಯಲ್ಲಿ ಜನರು ಹೆಚ್ಚಿದರೆ ಅಲ್ಲಿಯ ಸಂಪತ್ತೂ ಹೆಚ್ಚಿತೆಂದು ಭಾವಿಸುವುದು ವಾಡಿಕೆ. ಬೇಸಾಯವನ್ನು ನೆಮ್ಮಿದ ನಾಡುಗಳ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ಸಲ್ಲತಕ್ಕುದೇ ಸರಿ. ಆದರೆ ಭೂಗರ್ಭದ ಒಂದೇ ವಸ್ತುವನ್ನು ನೆಚ್ಚಿ ಬೆಳೆದ ಸೀಮೆಯ ಚರಿತ್ರೆಯನ್ನು ಪರಿಶೀಲಿಸಿದರೆ ಸಂಪತ್ತು, ಉದ್ಯೋಗ, ಜನವಾಸ ಈ ಮೂರೂ ಒಂದೇ ಕಾಲದಲ್ಲಿ ಏರುವುದೂ ಇಲ್ಲ, ಒಂದೇ ಕಾಲದಲ್ಲಿ ಇಳಿಯುವುದೂ ಇಲ್ಲವೆಂಬುದು ವ್ಯಕ್ತವಾಗುತ್ತದೆ. ಕೋಲಾರದ ಚಿನ್ನದ ಗಣಿಗಳ ಪ್ರದೇಶವು ಇದಕ್ಕೆ ಉತ್ತಮವಾದ ನಿದರ್ಶನವಾಗಿದೆ.

ಈ ಸೀಮೆಯು ಹಳೆಯ ಮೈಸೂರು ಸಂಸ್ಥಾನದ ಪೂರ್ವದ ಅಂಚಿನಲ್ಲಿರುವುದು. ಮಳೆ ಸ್ವಲ್ಪ, ವರ್ಷವಿಡೀ ಹರಿಯುವ ನದಿಯಿಲ್ಲ, ಕೆರೆಯ ನೀರು, ರಾಗಿಯ ಹೊಲಗಳೇ ಜನರ ಆಧಾರ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಯು ಇಲ್ಲಿಗೆ ಬಂದಾಗ ಮಾರಿಕುಪ್ಪದ ಬಳಿ ಊರವರು ಗುಂಡಿಗಳನ್ನು ತೋಡಿ, ಕಲ್ಲನ್ನು ಕುಟ್ಟಿ, ತೊಳೆದು ಚಿನ್ನವನ್ನು ತೆಗೆಯುತ್ತಿದ್ದುದನ್ನು ಕಂಡನು. ಆ ಕಾಲದ ಚಿನ್ನವು ಹಳ್ಳಿಯ ಜೀವನದಲ್ಲಿ ಒಂದು ಸಣ್ಣ ಕಸುಬಾಗಿದ್ದಿತಲ್ಲದೆ ಸೀಮೆಗೆ ಸೀಮೆಯೇ ಅದನ್ನು ಅವಲಂಬಿಸಿರಲಿಲ್ಲ.

1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಸಂಸ್ಥೆಯು ಕಾಲಿಟ್ಟ ಮೇಲೆ ಈ ಸ್ಥಿತಿ ಮಾರ್ಪಟ್ಟಿತು. ಮೊದಲಿನ ಕೆಲವು ವರ್ಷಗಳ ನಿಷ್ಫಲ ಪ್ರಯತ್ನದ ತರುವಾಯ ಚಾಂಪಿಯನ್ ಎಂಬ ಅದಿರುಪಟ್ಟಿಯು ದೊರೆಯಿತು. 1891ರ ಖಾನೇಷುಮಾರಿಯಲ್ಲಿ 7,085 ಇದ್ದ ಜನಸಂಖ್ಯೆಯು 1901ರಲ್ಲಿ 38,204ಕ್ಕೆ ಏರಿತು; ಎಂದರೆ ಹತ್ತೇ ವರ್ಷಗಳಲ್ಲಿ ಐದು ಪಟ್ಟಿಗೂ ಮಿಗಿಲಾಯಿತು. ಇದು ಹುಟ್ಟಿನಿಂದಾದ ವೃದ್ಧಿಯಲ್ಲ, ವಲಸೆಯಿಂದಾದುದು. ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಮೊದಲಾದ ಕಡೆಗಳ ಭೂಹೀನರು; ಅವರಲ್ಲೂ ಆದಿದ್ರಾವಿಡರೇ ಬಹುಸಂಖ್ಯಾತರು. ಹೀಗಾಗಿ ಕನ್ನಡ ಸಂಸ್ಥಾನದ ನೆಲದಲ್ಲಿಯೇ ತಮಿಳು ಮನೆಮಾತಾದ ಒಂದು ಪಟ್ಟಣವು ತಲೆಯೆತ್ತಿತು.

ಆಡಳಿತವೂ ಗಣಿಯ ಅಗತ್ಯಕ್ಕೆ ತಕ್ಕಂತೆ ನಡೆಯಿತು. ಬೌರಿಂಗ್‌ಪೇಟೆಯಿಂದ ಗಣಿಗಳಿಗೆ ರೈಲುಹಾದಿಯಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿಗಳ ದೂರವನ್ನು ದಾಟಿ ಗಣಿಯನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು ಅದಾದ ಬಳಿಕ, 1905ರಲ್ಲಿ. ಬೇತಮಂಗಲದ ಕೆರೆಯಿಂದ ನೀರು ಬಂದಿತು. ಸಂಸ್ಥಾನದ ಬೊಕ್ಕಸಕ್ಕೆ ರಾಜಧನವು ಸಂದಿತು. ಲಾಭವು ಲಂಡನ್ನಿನ ಪಾಲುದಾರರಿಗೆ ಹೋಯಿತು. ಕೂಲಿಕಾರನಿಗೆ ದೊರೆತುದು ದಿನಗೂಲಿ ಮತ್ತು ಕಂಪೆನಿಯ ನೆಲದ ಮೇಲಿನ ತಟ್ಟಿಯ ಗುಡಿಸಲು. ಕೆಲಸ ಹೋದರೆ ಮನೆಯೂ ಹೋಗುವಂತಿದ್ದ ಈ ವ್ಯವಸ್ಥೆಯಲ್ಲಿ ಉದ್ಯೋಗವೇ ಊರು, ಊರೇ ಉದ್ಯೋಗ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದುಂಟು. ಚಿನ್ನದ ಉತ್ಪತ್ತಿಯು ತನ್ನ ಶಿಖರವನ್ನು ಮುಟ್ಟಿದುದು 1905ರಲ್ಲಿ. ಅನಂತರ ಗಣಿಬಾವಿಗಳು ಆಳವಾದಂತೆ ಅದಿರಿನ ಸತ್ತ್ವವು ಕುಂದಿತು, ಖರ್ಚು ಏರಿತು, ಶಿಲಾಸ್ಫೋಟಗಳ ಭಯವೂ ಬೆಳೆಯಿತು. ಜನಸಂಖ್ಯೆಯಾದರೋ ಆ ಬಳಿಕವೂ ಏರುತ್ತಲೇ ಹೋಗಿ 1951ರಲ್ಲಿ 1,59,084ನ್ನು ಮುಟ್ಟಿತು. ಬಂಗಾರದ ಶಿಖರಕ್ಕೂ ಜನವಾಸದ ಈ ಎತ್ತರಕ್ಕೂ ನಡುವೆ 46 ವರ್ಷಗಳ ಅಂತರ. 1931ರಲ್ಲಿ ಬ್ರಿಟನ್ನು ಸುವರ್ಣಮಾನವನ್ನು ತ್ಯಜಿಸಿದಾಗ ಚಿನ್ನದ ಬೆಲೆಯೇರಿ ಗಣಿಗಳ ಆಯುಸ್ಸು ಬೆಳೆದುದು ಇದಕ್ಕೆ ಒಂದು ಕಾರಣ. ಅದಕ್ಕಿಂತಲೂ ಬಲವಾದ ಕಾರಣವೆಂದರೆ, ಒಂಟಿಯಾಗಿ ಬಂದ ಕೂಲಿಕಾರನು ಸಂಸಾರಸ್ಥನಾಗಿ ನೆಲೆನಿಂತುದು. 1930ರ ಏಪ್ರಿಲ್ ತಿಂಗಳಲ್ಲಿ ಬೆರಳೊತ್ತು ಕೊಟ್ಟು ಹೆಸರು ದಾಖಲಿಸಬೇಕೆಂಬ ನಿಯಮವನ್ನು ಎದುರಿಸಿ ಸಾವಿರಾರು ಕೂಲಿಕಾರರು ಒಂದಾಗಿ ಕೆಲಸ ನಿಲ್ಲಿಸಿದುದನ್ನು ನೋಡಿದರೆ, ಅವರು ಬಂದುಹೋಗುವ ಆಳುಗಳಾಗಿರದೆ ಒಂದು ಸಮಾಜವಾಗಿದ್ದರೆಂಬುದು ಸ್ಪಷ್ಟವಾಗುತ್ತದೆ.

1956ರಲ್ಲಿ ಗಣಿಗಳು ಮೈಸೂರು ಸರಕಾರದ ವಶಕ್ಕೂ, 1962ರಲ್ಲಿ ಕೇಂದ್ರ ಸರಕಾರದ ವಶಕ್ಕೂ ಬಂದುವು. ಆದರೆ ಒಡೆತನ ಬದಲಾದ ಮಾತ್ರಕ್ಕೆ ಅದಿರಿನ ಸತ್ತ್ವವು ಹೆಚ್ಚಲಾರದಷ್ಟೆ. ಹತ್ತು ಸಾವಿರ ಅಡಿಗೂ ಮಿಗಿಲಾದ ಆಳದಿಂದ ಕಲ್ಲನ್ನು ಎತ್ತುವ ವೆಚ್ಚವು ಚಿನ್ನದ ಬೆಲೆಯನ್ನು ಮೀರಿತು. 1961ರ ಗಣತಿಯಲ್ಲಿ ಜನಸಂಖ್ಯೆಯು ಒಂದೂವರೆ ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಕಾರ್ಖಾನೆಯು ಕೆಲವರಿಗೆ ಬೇರೊಂದು ಜೀವನೋಪಾಯವನ್ನು ಒದಗಿಸಿತಾದರೂ, ಗಣಿಯು ಇಪ್ಪತ್ತು ಸಾವಿರಕ್ಕೂ ಮಿಗಿಲಾದ ಜನರಿಗೆ ಕೆಲಸ ಕೊಡುತ್ತಿದ್ದ ಕಾಲದ ಸ್ಥಾನವನ್ನು ಅದು ತುಂಬಲಾರದೆ ಹೋಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಉಳಿದಿದ್ದ ನೌಕರರು ಸುಮಾರು ಮೂರೂವರೆ ಸಾವಿರ ಮಾತ್ರ.

ಹಾಗಾದರೆ ಊರು ಬರಿದಾಯಿತೇ? ಇಲ್ಲ. ಸಯನೈಡ್ ದಿಬ್ಬಗಳ ನೆರಳಿನಲ್ಲಿ ಜನರು ಉಳಿದುಕೊಂಡರು. ಸಹಸ್ರಾರು ಮಂದಿ ನಸುಕಿನ ರೈಲು ಹತ್ತಿ ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ದುಡಿಯಲು ಹೋಗಿ ಇರುಳಿಗೆ ಮರಳುವುದು ರೂಢಿಯಾಯಿತು. ಗಣಿಗಾಗಿ ಹಾಕಿದ ಹಾದಿಯು ಚಿನ್ನಕ್ಕೆ ಬದಲಾಗಿ ದುಡಿಮೆಯನ್ನು ಹೊತ್ತೊಯ್ಯತೊಡಗಿತು.

ಈ ನೆಲದಿಂದ 800 ಟನ್ನುಗಳಿಗೂ ಮಿಗಿಲಾದ ಬಂಗಾರವು ಹೊರಬಿದ್ದಿದೆ. ಉತ್ಪತ್ತಿಯು ಕುಂದತೊಡಗಿದ ಕಾಲಕ್ಕೂ ಗಣಿಯು ಮುಚ್ಚಿದ ಕಾಲಕ್ಕೂ ನಡುವೆ ಸುಮಾರು ಒಂದು ಶತಮಾನದ ಅವಕಾಶವಿದ್ದಿತು. ಆ ಬಂಗಾರದ ಅಲ್ಪಭಾಗವನ್ನಾದರೂ ಆ ಅವಧಿಯಲ್ಲಿ ಇತರ ಕೈಗಾರಿಕೆಗಳಿಗೂ ನೀರಾವರಿಗೂ ವಿನಿಯೋಗಿಸಿದ್ದರೆ ಸೀಮೆಯ ಗತಿ ಬೇರೆಯಾಗುತ್ತಿದ್ದಿತು. ಅದಿರಿಗೆ ಅಂತ್ಯವುಂಟು, ಅದನ್ನು ನಂಬಿ ಬಂದವರ ಸಂತತಿಗೆ ಅಂತ್ಯವಿಲ್ಲ. ನೆಲದ ಒಂದೇ ಒಡವೆಯ ಮೇಲೆ ಊರು ಕಟ್ಟುವವರು ಮೊದಲ ದಿನದಿಂದಲೇ ಲೆಕ್ಕದಲ್ಲಿಡಬೇಕಾದ ಸಂಗತಿಯಿದು.