ತೆಗೆದ ಚಿತ್ರಕ್ಕೆ ಹೊಸ ಪ್ರಶ್ನೆ: ಹೃದಯ ಸಂಶೋಧನೆಯ ಉಪ ಅಧ್ಯಯನಗಳ ಚರಿತ್ರೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1948ರಲ್ಲಿ 5,209 ಜನರ ಹೃದಯ ಅಧ್ಯಯನ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ತಪಾಸಣೆ. ಯಾರಿಗೆ ಹೃದ್ರೋಗ ಬರುತ್ತದೆ, ಯಾಕೆ ಬರುತ್ತದೆ ಎಂಬುದಷ್ಟೇ ಪ್ರಶ್ನೆ. 1973ರಿಂದ 1975ರ ನಡುವೆ ಅದೇ ಗುಂಪಿನಲ್ಲಿ ಬದುಕುಳಿದವರ ಪೈಕಿ 2,675 ಮಂದಿಯ ಕಣ್ಣಿನ ಪರೀಕ್ಷೆ ನಡೆಯಿತು. ಪೊರೆ, ಗ್ಲಾಕೋಮಾ, ಅಕ್ಷಿಪಟಲದ ಸವೆತ ಇವನ್ನು ಹುಡುಕಿದ ನೇತ್ರತಜ್ಞರಿಗೆ ಕಾಲು ಶತಮಾನದ ರಕ್ತದೊತ್ತಡ, ಸಕ್ಕರೆಯ ದಾಖಲೆ ಕೂತಲ್ಲೇ ಸಿಕ್ಕಿತು. ದೀರ್ಘಾವಧಿಯ ಸಮೂಹ ಅಧ್ಯಯನದೊಳಗೆ ಉಪ ಅಧ್ಯಯನ ಹೂಡುವ ಆಸೆಯ ಮೂಲ ಇಲ್ಲಿದೆ: ಹಣ ಕೊಟ್ಟರೂ ಸಿಗದ ಕಳೆದುಹೋದ ವರ್ಷಗಳು.

ಈ ಆಸೆಗೆ ಕಟ್ಟುಪಾಡು ಹೇಗೆ ಬಂತೆಂದು ನೋಡಲು 2000ದಲ್ಲಿ ಆರಂಭವಾದ, ಮೆಸಾ ಎಂಬ ಹೃದಯ ಅಧ್ಯಯನ ಒಳ್ಳೆಯ ನಿದರ್ಶನ. ಅಮೆರಿಕದ ಆರು ಕಡೆಗಳಿಂದ 45ರಿಂದ 84 ವಯಸ್ಸಿನ 6,814 ಮಂದಿ; ಸೇರುವಾಗ ಯಾರಿಗೂ ಹೃದ್ರೋಗದ ಲಕ್ಷಣವಿಲ್ಲ. ಇಲ್ಲಿ ಹೊಸ ಪ್ರಶ್ನೆ ಇಟ್ಟುಕೊಂಡು ಬರುವವರು ಅನುದಾನಕ್ಕೆ ಅರ್ಜಿ ಹಾಕುವ ಮೊದಲೇ ಸಮಿತಿಯ ಒಪ್ಪಿಗೆ ಪಡೆಯಬೇಕು. ಖರ್ಚು ಅವರದೇ. ಮೂಲ ಅಧ್ಯಯನಕ್ಕೆ ಅಡ್ಡಿಯಾಗಬಾರದು, ಬಂದ ದತ್ತಾಂಶವನ್ನು ಮೂಲ ಭಂಡಾರಕ್ಕೆ ಮರಳಿಸಬೇಕು. ಹೊರಗಿನವರಿಗೆ ಇದು ಕಚೇರಿಯ ಕಿರಿಕಿರಿ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. 2000ದಲ್ಲಿ ತೆಗೆದು ಫ್ರೀಜರಿನಲ್ಲಿಟ್ಟ ರಕ್ತ ಮುಗಿದರೆ ಆ ವರ್ಷದ ರಕ್ತವನ್ನು ಇನ್ನೊಮ್ಮೆ ತೆಗೆಯಲಾಗದು. ಜನರ ತಾಳ್ಮೆಯೂ ಅಷ್ಟೇ: ಇನ್ನೊಂದು ಪ್ರಶ್ನಾವಳಿ, ಇನ್ನೊಂದು ಗಂಟೆ ಎಂದು ಸತಾಯಿಸಿದರೆ ಮುಂದಿನ ತಪಾಸಣೆಗೆ ಅವರು ಬರುವುದೇ ಇಲ್ಲ, ಆಗ ನಷ್ಟ ಮೂಲ ಅಧ್ಯಯನಕ್ಕೆ.

ಆದ್ದರಿಂದಲೇ ನನ್ನ ಲೆಕ್ಕದಲ್ಲಿ ಜಾಣ ಪ್ರಸ್ತಾವವೆಂದರೆ ಜನರನ್ನು ಅತಿ ಕಡಿಮೆ ಕಾಡಿದ್ದು. ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಹಾಂ ಬಾರ್ ನೇತೃತ್ವದ ಶ್ವಾಸಕೋಶದ ಉಪ ಅಧ್ಯಯನ ಅಂಥದು. ಮೆಸಾದಲ್ಲಿ ಸಿಟಿ ಸ್ಕ್ಯಾನ್ ತೆಗೆದದ್ದು ಹೃದಯದ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟಿದೆಯೇ ಎಂದು ನೋಡಲು. ಆದರೆ ಎದೆಗೂಡಿನಲ್ಲಿ ಹೃದಯವೊಂದೇ ಇಲ್ಲವಲ್ಲ. ಅದೇ ಚಿತ್ರದಲ್ಲಿ ಶ್ವಾಸಕೋಶದ ಸುಮಾರು ಮೂರನೇ ಎರಡು ಭಾಗವೂ ಬಿದ್ದಿತ್ತು. ಆ ಹಳೆಯ ಚಿತ್ರಗಳಲ್ಲೇ ಎಂಫಿಸೀಮಾ, ಅಂದರೆ ಗಾಳಿಗೂಡುಗಳು ಹಾಳಾಗಿರುವ ಪ್ರಮಾಣವನ್ನು ಅಳೆದರು. ಹೊಸದಾಗಿ ಕೇಳಿದ್ದು ಕೊಳವೆಯೊಳಕ್ಕೆ ಜೋರಾಗಿ ಊದುವ ಪರೀಕ್ಷೆ. 2010ರಲ್ಲಿ 2,816 ಮಂದಿಯ ಫಲಿತಾಂಶ ಪ್ರಕಟವಾಯಿತು: ಶ್ವಾಸಕೋಶದ ಹಾನಿ ಹೆಚ್ಚಿದಷ್ಟೂ ಹೃದಯದ ಎಡ ಕುಹರಕ್ಕೆ ತುಂಬುವ ರಕ್ತ ಕಡಿಮೆ. ತೀವ್ರ ಶ್ವಾಸಕೋಶದ ಕಾಯಿಲೆ ಇಲ್ಲದವರಲ್ಲೂ ಈ ನಂಟು ಕಂಡಿತು.

ಮೆಸಾದಲ್ಲೇ 2004ರಲ್ಲಿ ಶುರುವಾದ ವಾಯುಮಾಲಿನ್ಯದ ಉಪ ಅಧ್ಯಯನ ಇಷ್ಟು ಸಂಕೋಚದ್ದಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದಕ್ಕೆ ಹಣ ಕೊಟ್ಟಿತು. ಕೆಲವರ ಮನೆಯ ಒಳಗೂ ಹೊರಗೂ ಎರಡೆರಡು ವಾರ ಗಾಳಿಯ ಮಾದರಿ ಹಿಡಿಯುವ ಸಾಧನ ಇಟ್ಟರು. 2016ರ ವರದಿ ಸೂಕ್ಷ್ಮ ಧೂಳಿನ ಕಣ ಹೆಚ್ಚಿದ್ದಲ್ಲಿ ಹೃದಯದ ರಕ್ತನಾಳದ ಕ್ಯಾಲ್ಸಿಯಂ ಬೇಗ ಏರುತ್ತದೆಂದು ತೋರಿಸಿತು. ಇಷ್ಟು ದೊಡ್ಡ ಫಲಕ್ಕೆ ಆ ಕಾಟ ಸಹ್ಯವೇ.

ಉಪ ಅಧ್ಯಯನಕ್ಕೂ ಒಂದು ಗೋಡೆ ಇದೆ. ಮೂಲದಲ್ಲಿ ಇಲ್ಲದವರನ್ನು ಕುರಿತು ಅದು ಸಾಮಾನ್ಯವಾಗಿ ಏನನ್ನೂ ಕೇಳಲಾರದು. ಮೆಸಾ ಆಯ್ದುಕೊಂಡದ್ದು ಬಿಳಿಯರು, ಕರಿಯರು, ಹಿಸ್ಪ್ಯಾನಿಕರು ಮತ್ತು ಚೀನೀ ಮೂಲದವರನ್ನು. ಹೃದ್ರೋಗ ಹೆಚ್ಚಾಗಿ ಕಾಡುವ ದಕ್ಷಿಣ ಏಷ್ಯಾದವರು ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಮೆಸಾದ ಅಳತೆಗಳನ್ನೇ ಮಾದರಿಯಾಗಿಟ್ಟುಕೊಂಡು, 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶ ಮತ್ತು ಶಿಕಾಗೋದಲ್ಲಿ 906 ಮಂದಿಯ ಮಸಾಲಾ ಅಧ್ಯಯನವನ್ನು ಬೇರೆಯಾಗಿಯೇ ಕಟ್ಟಬೇಕಾಯಿತು. ಅಲ್ಲಿ ಸೇರಲು ಇಂಗ್ಲಿಷ್, ಹಿಂದಿ ಅಥವಾ ಉರ್ದು ಬರಬೇಕಿತ್ತು. ಮಗನ ಮನೆಗೆ ಹೋಗಿ ನೆಲೆಸಿದ, ಕನ್ನಡವೊಂದೇ ಬಲ್ಲ ತಾಯಿಗೆ ಅದರಲ್ಲೂ ಜಾಗವಿರಲಿಲ್ಲ.