ಕಪಿಲಾತೀರದ ವಿದ್ಯಾದಾಸೋಹ

ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ದಾಟಿದ ಕಪಿಲೆಯು ಸುತ್ತೂರಿನ ದಡವನ್ನು ಮುಟ್ಟಿ, ಮುಂದೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ತೀರದ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಮಕ್ಕಳಿಗೆ ಉನ್ನತ ಶಿಕ್ಷಣವು ದೊರೆತ ಬಗೆಯನ್ನು ಪರಿಶೀಲಿಸಿದರೆ, ವಿದ್ಯೆಯು ವಿವೇಕವಾಗಿ ಪರಿಣಮಿಸುವ ಮರ್ಮವೂ ತಿಳಿಯುತ್ತದೆ.

ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾಯಿತು. ನಂಜನಗೂಡಿನಿಂದ ಮೈಸೂರಿಗೆ ಸುಮಾರು ೨೪ ಕಿಲೋಮೀಟರು. ರೈಲುಮಾರ್ಗವೂ ಅದಕ್ಕೆ ಮೊದಲೇ ಬಂದಿತ್ತು. ಆದರೂ ಬಡ ಒಕ್ಕಲುಮಕ್ಕಳಿಗೆ ಕಾಲೇಜು ದೂರವೇ ಆಗಿತ್ತು. ಅದು ದಾರಿಯ ದೂರವಲ್ಲ, ಅನ್ನದ ದೂರ. ನಗರದಲ್ಲಿ ತಂಗಲು ನೆಲೆಯಿಲ್ಲ, ಬಾಡಿಗೆಗೆ ಹಣವಿಲ್ಲ. ವಾರಾನ್ನ ನೀಡುವ ಮನೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ.

ಸುತ್ತೂರು ಶ್ರೀಮಠದ ೨೩ನೆಯ ಪೀಠಾಧಿಪತಿಗಳಾದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು (೧೯೧೬–೧೯೮೬) ಈ ಕೊರತೆಯನ್ನು ಕಂಡು, ೧೯೪೧ರಲ್ಲಿ ಮೈಸೂರಿನಲ್ಲಿ ಉಚಿತ ಊಟ ವಸತಿಗಳ ವಿದ್ಯಾರ್ಥಿನಿಲಯವನ್ನು ಆರಂಭಿಸಿದರು. ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವು ಸ್ಥಾಪನೆಗೊಂಡುದು ೧೯೫೪ರಲ್ಲಿ. ಮೊದಲು ಅನ್ನ, ಅನಂತರ ಸಂಸ್ಥೆ ಎಂಬ ಈ ಕ್ರಮವು ಗಮನಾರ್ಹವಾದುದು.

ಶರಣರು ದಾನ ಮತ್ತು ದಾಸೋಹಗಳನ್ನು ಬೇರೆಯಾಗಿಯೇ ಕಂಡರು. ದಾನದಲ್ಲಿ ಕೊಡುವವನಿಗೆ ಹಮ್ಮು, ಕೊಳ್ಳುವವನಿಗೆ ಸಂಕೋಚ ಉಂಟಾಗಬಹುದು. ದಾಸೋಹದಲ್ಲಿ ಇವೆರಡಕ್ಕೂ ಎಡೆಯಿಲ್ಲ. ಪರರ ಬೆವರಿನಿಂದ ಬಂದ ಧಾನ್ಯವನ್ನು ಸಹಪಾಠಿಗಳೊಡನೆ ಒಂದೇ ಪಂಕ್ತಿಯಲ್ಲಿ ಉಂಡು ಓದಿದವನಿಗೆ, ತನ್ನ ವಿದ್ಯೆಯು ಕೇವಲ ತನ್ನದಲ್ಲವೆಂಬ ಅರಿವು ಮೂಡಲು ಅವಕಾಶವಿದೆ. ಅದೇ ವಿವೇಕದ ಮೊದಲ ಮೆಟ್ಟಿಲು. ಪರೀಕ್ಷೆಗಳು ಅದನ್ನು ಅಳೆಯಲಾರವು. ನಿಲಯದಲ್ಲಿ ಉಂಡವರೆಲ್ಲರೂ ವಿವೇಕಿಗಳಾದರೆಂದು ಹೇಳುವುದು ಅತಿಶಯೋಕ್ತಿ. ಅದಕ್ಕೆ ಬೇಕಾದ ನೆಲವು ಹದವಾಯಿತೆನ್ನುವುದು ಸತ್ಯ.

ಇಂದು ಎರಡು ಪಟ್ಟಣಗಳಲ್ಲಿಯೂ ಪದವಿ ಕಾಲೇಜುಗಳಿವೆ. ಬೆಳಿಗ್ಗೆ ಬಸ್ಸಿನಲ್ಲಿ ಬಂದ ಹುಡುಗಿಯು ಸಂಜೆಗೆ ಮನೆ ಸೇರಬಹುದು. ಇದು ಸಣ್ಣ ಲಾಭವಲ್ಲ. ಆದರೆ ಪಾಠ ಮುಗಿದೊಡನೆ ಬಸ್ಸಿಗೆ ಓಡುವ ವಿದ್ಯಾರ್ಥಿಗೆ ಗುರುವಿನ ಸಂಗವಾಗಲಿ, ಗೆಳೆಯರೊಡನೆ ಚರ್ಚೆಯಾಗಲಿ ದೊರೆಯುವುದು ಅಲ್ಪ. ಕಾಲೇಜು ಊರಿಗೆ ಬಂದಿತು, ಸಹಜೀವನವು ಹಿಂದುಳಿಯಿತು. ದಿನದಲ್ಲಿ ಒಂದು ಗಳಿಗೆಯಾದರೂ ಅಧ್ಯಾಪಕರೂ ವಿದ್ಯಾರ್ಥಿಗಳೂ ಪಠ್ಯದ ಹಂಗಿಲ್ಲದೆ ಕೂಡಿ ಕುಳಿತು ಮಾತನಾಡುವಂತಾದರೆ, ಆ ದಾಸೋಹದ ಫಲವು ಇಂದಿನವರಿಗೂ ಸಲ್ಲುತ್ತದೆ.